ಅಂಚಿನಿಂದ ಒಳಗೆ: ಫ್ರೇಮ್ ಕಟ್ಟುತ್ತಾ ಚಿತ್ರ ನೋಡಲು ಕಲಿತ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಫೋಟೊ ಫ್ರೇಮ್ ಅಂಗಡಿ ಇದೆ. ದೇವರ ಫೋಟೊ, ಮದುವೆ ಫೋಟೊ, ತೀರಿಕೊಂಡ ಹಿರಿಯರ ಫೋಟೊ, ಡಿಗ್ರಿ ಸರ್ಟಿಫಿಕೇಟು, ಇವೇ ಜಾಸ್ತಿ. ನಡುನಡುವೆ ಚಿತ್ರಕಲೆ ಓದುವ ಹುಡುಗರು ತಮ್ಮ ಕೆಲಸ ತರುತ್ತಾರೆ. ಕೆಲವರು ಹೆಸರಾಂತ ಚಿತ್ರಗಳ ಪ್ರಿಂಟ್ ತರುತ್ತಾರೆ. ನಾನು ಕಲಾವಿದ ಅಲ್ಲ. ಚಿತ್ರಕಲೆಯನ್ನು ಎಲ್ಲೂ ಕಲಿತವನೂ ಅಲ್ಲ. ಆದರೆ ಚಿತ್ರವನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಅಂತ ದಿನಾ ಯೋಚಿಸುವ ಕೆಲಸ ನನ್ನದು. ಚಿತ್ರದ ರಚನೆ ನನಗೆ ಅರ್ಥವಾಗಿದ್ದು ಆ ದಾರಿಯಿಂದಲೇ.

ಗಿರಾಕಿಗಳು ಜಾಸ್ತಿ ಹೇಳುವ ಮಾತು ಒಂದೇ. "ಇಲ್ಲಿ ಖಾಲಿ ಜಾಗ ಭಾಳ ಅದ ನೋಡ್ರಿ, ಕಡದು ಬಿಡ್ರಿ." ಗೋಡೆಯ ಅಳತೆ ಒಂದಿರುತ್ತದೆ, ಚಿತ್ರದ ಅಳತೆ ಇನ್ನೊಂದು. ಗೋಡೆ ಕಡಿಯಲು ಬರುವುದಿಲ್ಲ, ಹಾಗಾಗಿ ಚಿತ್ರದ ಮೇಲೆ ಕಣ್ಣು.

ಇಂಥ ಹೊತ್ತಿಗೆ ಅಂತ ನಾನು ಉಳಿದ ಮೌಂಟ್ ಬೋರ್ಡಿನಿಂದ (ಚಿತ್ರಕ್ಕೂ ಫ್ರೇಮಿಗೂ ನಡುವೆ ಸುತ್ತ ಹಾಕುವ ದಪ್ಪ ರಟ್ಟು) ಎರಡು ಕಾಟಕೋನ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬಡಗಿಯ ಕಾಟಕೋನದಂತೆಯೇ ಒಂದು ಮೂಲೆ, ಎರಡು ತೋಳು. ಎರಡನ್ನೂ ಎದುರುಬದುರು ಇಟ್ಟರೆ ನಡುವೆ ಒಂದು ಚೌಕಟ್ಟು ಆಗುತ್ತದೆ. ಸರಿಸಿದರೆ ಚೌಕಟ್ಟು ದೊಡ್ಡದು, ಸಣ್ಣದು, ಉದ್ದ, ಅಗಲ, ಬೇಕಾದಂತೆ. ಗಿರಾಕಿಯ ಎದುರಿಗೇ ಚಿತ್ರದ ಮೇಲಿಟ್ಟು, ಇಲ್ಲಿ ಕಡಿದರೆ ಹೀಗೆ ಕಾಣುತ್ತದೆ ನೋಡಿ ಅಂತ ತೋರಿಸುತ್ತೇನೆ. ಗಿರಾಕಿ ಹೋದ ಮೇಲೂ ಸುಮ್ನೆ ಅದನ್ನೇ ಆಡುತ್ತಾ ಕೂರುವ ಚಟ ಹತ್ತಿತು.

ಒಮ್ಮೆ ಒಬ್ಬ ವಿದ್ಯಾರ್ಥಿ ದೆಗಾ ಎಂಬ ಫ್ರೆಂಚ್ ಕಲಾವಿದನ ಚಿತ್ರದ ಪ್ರಿಂಟ್ ತಂದಿದ್ದ. 1875–76ರಲ್ಲಿ ಬರೆದದ್ದು, ಮೂಲ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಒಂದು ಕೆಫೆ. ಒಬ್ಬ ಹೆಂಗಸು, ಒಬ್ಬ ಗಂಡಸು ಅಕ್ಕಪಕ್ಕ ಕೂತಿದ್ದಾರೆ. ಹೆಂಗಸಿನ ಮುಂದೆ ಆಬ್ಸಿಂತ್ ಎಂಬ ಮದ್ಯದ ಗ್ಲಾಸು. ಇಬ್ಬರನ್ನೂ ಬಲಕ್ಕೆ, ಮೇಲಕ್ಕೆ ಒತ್ತರಿಸಿ ಕೂರಿಸಿದ್ದಾನೆ. ಗಂಡಸಿನ ಪೈಪು, ಕೈ ಬಲ ಅಂಚಿಗೆ ತುಂಡಾಗಿವೆ. ಎಡಗಡೆ, ಕೆಳಗಡೆ ಬರೀ ಮೇಜುಗಳು. ಆ ಮೇಜುಗಳಿಗೆ ಕಾಲೂ ಇಲ್ಲ, ಗಾಳಿಯಲ್ಲಿ ತೇಲಿದಂತಿವೆ. ನಮ್ಮ ಯಾವ ಗಿರಾಕಿಯಾದರೂ ಎಡಗಡೆಯದು ಕಡೀರಿ ಅನ್ನುವಂಥ ಚಿತ್ರ.

ನಾನು ಕಾಟಕೋನ ಇಟ್ಟು ಎಡ ಅಂಚನ್ನು ಒಳಗೆ ಸರಿಸಿದೆ. ಇಬ್ಬರೂ ನಡುವಿಗೆ ಬಂದರು. ತಕ್ಷಣ ಅದು ಗಂಡ ಹೆಂಡತಿ ಹೋಟೆಲಿಗೆ ಹೋದಾಗ ತೆಗೆಸಿದ ಫೋಟೊ ಆಯಿತು. ಕಾಟಕೋನ ತೆಗೆದೆ. ಮತ್ತೆ ಅವರು ಮೂಲೆಗೆ ಬಿದ್ದರು. ಹೆಂಗಸಿನ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ, ಆದರೆ ಅವಳ ಬೇಸರ ವಾಪಸ್ ಬಂದಿತ್ತು. ಅಂದರೆ ಆ ಬೇಸರದ ಅರ್ಧ ಭಾಗ ಖಾಲಿ ಮೇಜಿನಲ್ಲಿತ್ತು. ಆಮೇಲೆ ಮೇಜುಗಳನ್ನು ಸರಿಯಾಗಿ ನೋಡಿದೆ. ಅವು ಕೆಳ ಎಡ ಮೂಲೆಯಿಂದ ಅಂಕುಡೊಂಕಾಗಿ ಹೊರಟು ಕಣ್ಣನ್ನು ಒಳಗೆ ಕರೆದೊಯ್ಯುತ್ತವೆ. ಎರಡು ಮೇಜಿನ ನಡುವಿನ ಸಂದಿಗೆ ಒಂದು ಪತ್ರಿಕೆ ಅಡ್ಡ ಬಿದ್ದಿದೆ, ಕಣ್ಣು ದಾಟಲಿ ಅಂತಲೇ ಇಟ್ಟ ಹಾಗೆ. ಎಡಗಡೆ ಕಡಿದರೆ ಒಳಗೆ ಹೋಗುವ ದಾರಿಯೇ ಹೋಯಿತು.

ಅಂದಿನಿಂದ ಯಾವ ಚಿತ್ರ ಬಂದರೂ ನಾನು ಮೊದಲು ನೋಡುವುದು ಮುಖ ಅಲ್ಲ, ಕಥೆ ಅಲ್ಲ, ನಾಲ್ಕು ಅಂಚು. ಯಾವುದು ಅಂಚಿಗೆ ತಾಗಿದೆ? ಯಾವುದು ತುಂಡಾಗಿದೆ? ಯಾವುದು ತಾಗದೆ ಬೆರಳಷ್ಟು ದೂರದಲ್ಲಿ ನಿಂತಿದೆ? ಯಾರು ಅಂಚಿನಾಚೆ ನೋಡುತ್ತಿದ್ದಾರೆ? ರವಿವರ್ಮನ ಶಕುಂತಲೆಯ ಪ್ರಿಂಟು ನಮ್ಮ ಕಡೆ ಎಷ್ಟೋ ಹಳೆ ಮನೆಗಳಲ್ಲಿದೆ. ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಅವಳು ಹಿಂದೆ ತಿರುಗಿ ನೋಡುತ್ತಾಳಲ್ಲ, ಅದು. ಅವಳು ನೋಡುತ್ತಿರುವ ದುಷ್ಯಂತ ಚಿತ್ರದಲ್ಲಿ ಇಲ್ಲವೇ ಇಲ್ಲ. ಗೆಳತಿಯರು ಮುಂದೆ ಹೋಗುತ್ತಿದ್ದಾರೆ, ಇವಳ ನೋಟ ಹಿಂದಕ್ಕೆ ಹೋಗಿ ಅಂಚು ದಾಟುತ್ತದೆ. ಆ ನೋಟದ ಕಡೆಗೆ ಒಂದಿಷ್ಟು ಜಾಗ ಇರಬೇಕು. ಮೌಂಟ್ ಹಾಕುವಾಗ ಆ ಬದಿ ಒಳಗೆ ಮುಚ್ಚಿದರೆ ಅವಳು ಮರ ನೋಡುತ್ತಾ ನಿಂತ ಹಾಗಾಗುತ್ತದೆ.

ಚಿತ್ರ ಕಡಿಯುವ ರೋಗ ನಮ್ಮೂರಿನದು ಮಾತ್ರ ಅಲ್ಲ. ಡಚ್ ಕಲಾವಿದ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಎಂಬ ನಗರ ಕಾವಲು ಪಡೆಯ ಚಿತ್ರವನ್ನು 1715ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನಗರಸಭೆಯ ಕಟ್ಟಡಕ್ಕೆ ಒಯ್ದರು. ಗೋಡೆಗೆ ಕೂಡಲಿಲ್ಲ. ನಾಲ್ಕೂ ಕಡೆ ಕತ್ತರಿಸಿದರು! ಎಡಗಡೆ ಜಾಸ್ತಿ, ಸುಮಾರು 60 ಸೆಂಟಿಮೀಟರ್. ಆ ತುಂಡುಗಳು ಇಂದಿಗೂ ಸಿಕ್ಕಿಲ್ಲ. ಪುಣ್ಯಕ್ಕೆ ಕತ್ತರಿಸುವ ಮೊದಲೇ ಲುಂಡೆನ್ಸ್ ಎಂಬ ಕಲಾವಿದ ಸಣ್ಣ ಅಳತೆಯಲ್ಲಿ ಒಂದು ನಕಲು ಮಾಡಿದ್ದ. ಅದನ್ನು ಆಧರಿಸಿ 2021ರಲ್ಲಿ, ಈಗ ಆ ಚಿತ್ರ ಇರುವ ರೈಕ್ಸ್‌ಮ್ಯೂಸಿಯಂನವರು ಕಂಪ್ಯೂಟರ್ ನೆರವಿನಿಂದ ಕಳೆದುಹೋದ ಭಾಗಗಳನ್ನು ಮುದ್ರಿಸಿ ಮೂಲದ ಸುತ್ತ ಕೂರಿಸಿ ತೋರಿಸಿದರು.

ಆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನಾನು ಬಹಳ ಹೊತ್ತು ನೋಡಿದ್ದೇನೆ. ಕಪ್ಪು ಬಟ್ಟೆಯ ಕ್ಯಾಪ್ಟನ್, ಹಳದಿ ಬಟ್ಟೆಯ ಲೆಫ್ಟಿನೆಂಟ್, ಇಬ್ಬರೂ ಕತ್ತರಿಸಿದ ಚಿತ್ರದಲ್ಲಿ ಹೆಚ್ಚುಕಡಿಮೆ ನಡುವೆ ನಿಂತಿದ್ದಾರೆ. ಮೊದಲಿನ ಚಿತ್ರದಲ್ಲಿ ಅವರು ನಡುವಿನಿಂದ ಬಲಕ್ಕಿದ್ದರು, ಎಡಗಡೆ ಮುಂದೆ ನಡೆಯಲು ಜಾಗ ಇತ್ತು. ಜಾಗ ಇದ್ದಾಗ ಅವರು ನಡೆಯುತ್ತಾರೆ. ಜಾಗ ಹೋದ ಮೇಲೆ ಫೋಟೊಗೆ ನಿಂತ ಹಾಗೆ ಕಾಣುತ್ತಾರೆ. ಈ ಕಥೆಯನ್ನು ಗಿರಾಕಿಗಳಿಗೆ ಹೇಳುತ್ತಲೇ ಇರುತ್ತೇನೆ. ಕೆಲವರು ಕೇಳಿಸಿಕೊಂಡು, "ಆಯ್ತ್ ಬಿಡ್ರಿ, ನಮ್ದೂ ಕಡೀಬ್ಯಾಡ್ರಿ" ಅಂತಾರೆ. ಕೆಲವರು ಗಡಿಯಾರ ನೋಡುತ್ತಾರೆ.

ಇದರಿಂದ ಹುಟ್ಟಿದ ಇನ್ನೊಂದು ರೂಢಿ ಇದೆ, ಚಿತ್ರ ನೋಡುವ ಎಲ್ಲರಿಗೂ ಬೇಕಾದದ್ದು. ಪ್ರಿಂಟ್ ಅಥವಾ ಫೋನಿನ ಚಿತ್ರ ನೋಡುವ ಮೊದಲು ಮೂಲದ ಅಳತೆ ಹುಡುಕಿ. ಉದ್ದವನ್ನು ಅಗಲದಿಂದ ಭಾಗಿಸಿ. ಕೈಯಲ್ಲಿರುವ ಪ್ರಿಂಟಿನ ಲೆಕ್ಕವೂ ಅಷ್ಟೇ ಬರುತ್ತದಾ ನೋಡಿ. ಬರದಿದ್ದರೆ ಯಾರೋ ಕತ್ತರಿಸಿದ್ದಾರೆ, ಇಲ್ಲಾ ಎಳೆದು ಉದ್ದ ಮಾಡಿದ್ದಾರೆ. ಕ್ಯಾಲೆಂಡರ್, ಪುಸ್ತಕದ ಮುಖಪುಟ, ವಾಟ್ಸಾಪ್ ಚಿತ್ರ, ಇವುಗಳಲ್ಲಿ ಇದು ಮಾಮೂಲಿ. ಬೇರೆಯವರು ಕಡಿದ ಚಿತ್ರದ ಮೇಲೆ ಗೆರೆ ಎಳೆದು ಇದೇ ಕಲಾವಿದನ ರಚನೆ ಅಂದರೆ ಏನು ಬಂತು?

ಡಚ್ ಕಲಾವಿದ ವರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರದ ಮೂಲ ಅಳತೆ ಹೆಚ್ಚುಕಡಿಮೆ 45.5 ಸೆಂಟಿಮೀಟರ್ ಎತ್ತರ, 41 ಅಗಲ. ಚೌಕಕ್ಕೆ ಹತ್ತಿರ. ನನ್ನ ಕೈಗೆ ಮೊದಲು ಬಂದ ಪ್ರಿಂಟು ಉದ್ದುದ್ದ ಇತ್ತು, ಬಲಗಡೆಯ ಗೋಡೆ ಬಹುಪಾಲು ಮಾಯ. ಈ ಚಿತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಖಾಲಿ ಜಾಗದ ಜಗಳಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ.

ಎಡಗಡೆ ಕಿಟಕಿ, ಕೆಳಗೆ ಬ್ರೆಡ್ಡು ಇಟ್ಟ ಮೇಜು, ನಡುವೆ ಹಳದಿ ರವಿಕೆಯ ಗಟ್ಟಿಮುಟ್ಟಾದ ಹೆಂಗಸು. ಅವಳ ಹಿಂದೆ, ಬಲಕ್ಕೆ ಬಿಳಿ ಗೋಡೆ. ಗೋಡೆಯಲ್ಲಿ ಒಂದು ಮೊಳೆ, ಒಂದೆರಡು ಮೊಳೆ ಕಿತ್ತ ತೂತು. ಕೆಳಗೆ ನೆಲದ ಮೇಲೆ ಕಾಲು ಬೆಚ್ಚಗೆ ಮಾಡಿಕೊಳ್ಳುವ ಕೆಂಡದ ಪೆಟ್ಟಿಗೆ. ಅಷ್ಟೇ. ನೋಡಿದವರಿಗೆ ಗೋಡೆ ಬರೆಯುವುದು ಸುಲಭ, ಹಾಗೇ ಬಿಟ್ಟಿದ್ದಾನೆ ಅನ್ನಿಸುತ್ತದೆ. ಆದರೆ ವರ್ಮೀರ್ ಮೊದಲು ಆ ಗೋಡೆಯ ಮೇಲೆ ಹೂಜಿ ತೂಗುಹಾಕುವ ಹಲಗೆ ಬರೆದಿದ್ದನಂತೆ. ಕೆಳಗೆ, ಈಗ ಕೆಂಡದ ಪೆಟ್ಟಿಗೆ ಇರುವಲ್ಲಿ, ಒಂದು ದೊಡ್ಡ ಬುಟ್ಟಿ. ಬಣ್ಣದ ಪದರದ ಒಳಗೆ ನೋಡುವ ಯಂತ್ರಗಳಿಂದ ಇದು ತಿಳಿಯಿತು. ಹಲಗೆಯ ವಿಷಯವನ್ನು ರೈಕ್ಸ್‌ಮ್ಯೂಸಿಯಂ ಹೇಳಿದ್ದು 2022ರಲ್ಲಿ. ಅಂದರೆ ಅವನು ಬರೆದದ್ದನ್ನು ಅಳಿಸಿ ಖಾಲಿ ಮಾಡಿದ. ಖಾಲಿ ಗೋಡೆ ಅವನ ಕೆಲಸದ ಫಲ, ಉಳಿದುಹೋದ ಜಾಗ ಅಲ್ಲ.

ಕಾಟಕೋನ ಇಟ್ಟು ಗೋಡೆ ಮುಚ್ಚಿ ನೋಡಿ. ಹೆಂಗಸು ದಪ್ಪಗಾಗುತ್ತಾಳೆ, ಕೋಣೆ ಇಕ್ಕಟ್ಟಾಗುತ್ತದೆ. ಗೋಡೆ ಬಿಡಿ. ಅವಳ ಬಲ ಅಂಚಿನ ಗೆರೆ ಬೆಳಕಿನ ಮೇಲೆ ಸ್ಪಷ್ಟವಾಗಿ ನಿಲ್ಲುತ್ತದೆ, ಹಾಲಿನ ಸಣ್ಣ ಧಾರೆಗೆ ಕಣ್ಣು ಹೋಗುತ್ತದೆ. ಚಿತ್ರದಲ್ಲಿ ಚಲಿಸುವುದು ಅದೊಂದೇ. ಕಿಟಕಿಯ ಅಡ್ಡಪಟ್ಟಿಗಳ ಮೇಲೆ ಸ್ಕೇಲ್ ಇಟ್ಟು ಒಳಗೆ ಎಳೆದರೆ ಗೆರೆಗಳು ಅವಳ ಬಲಗೈಯ ಸ್ವಲ್ಪ ಮೇಲೆ ಸೇರುತ್ತವೆ. ಹೂಜಿ ಹಿಡಿದ ಕೈ ಅದು. ಮುಖದ ಮೇಲೆ ಸೇರುವುದಿಲ್ಲ ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ.

ಸ್ಕೇಲ್ ವಿಷಯ ಬಂತು, ಹೇಳಿಬಿಡುತ್ತೇನೆ. ನಾನು ಸ್ಕೇಲ್ ತೆಗೆಯುವುದು ಕೊನೆಗೆ. ಅಂಚು ನೋಡಿದ ಮೇಲೆ ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ. ಮುಖ, ಒಡವೆ, ಬೆರಳು ಎಲ್ಲಾ ಕರಗಿ ಕಪ್ಪು, ಬಿಳಿ, ನಡುವಿನ ಬೂದಿಬಣ್ಣದ ನಾಲ್ಕೈದು ತುಂಡು ಉಳಿಯುತ್ತವೆ. ಅವನ್ನು ಬಿಲ್ ಪುಸ್ತಕದ ಹಿಂಬದಿಗೆ ಬೆಂಕಿಪೊಟ್ಟಣದಷ್ಟು ಸಣ್ಣದಾಗಿ ಗೀಚುತ್ತೇನೆ. ಬ್ರೂಗೆಲ್‌ನ ಹಿಮದಲ್ಲಿ ಬೇಟೆಗಾರರು ವಾಪಸಾಗುವ ಚಿತ್ರ (1565) ಇದಕ್ಕೆ ಹೇಳಿ ಮಾಡಿಸಿದ್ದು. ಕಣ್ಣು ಕಿರಿದು ಮಾಡಿದರೆ ಕಪ್ಪು ಮರಗಳು, ಕಪ್ಪು ಬೇಟೆಗಾರರು ಎಡಗಡೆಯಿಂದ ಬಲಕ್ಕೆ ಇಳಿಜಾರಿನಲ್ಲಿ ಇಳಿಯುತ್ತಾರೆ. ಕೆಳಗೆ ಹೆಪ್ಪುಗಟ್ಟಿದ ಕೆರೆ, ಮೇಲೆ ಆಕಾಶ, ಎರಡೂ ಒಂದೇ ಹಸಿರು ಬೂದಿಬಣ್ಣ. ಬಿಳಿ ಮತ್ತು ಆ ಹಸಿರು, ಇವೆರಡರ ನಡುವೆ ಕಪ್ಪು ಮೆಟ್ಟಿಲು. ಇಷ್ಟು ಸಿಕ್ಕ ಮೇಲೆ ಬೇಕಾದರೆ ಟ್ರೇಸಿಂಗ್ ಪೇಪರ್, ಸ್ಕೇಲ್. ಚಿತ್ರವನ್ನು ತಲೆಕೆಳಗೆ ಇಟ್ಟೂ ನೋಡುತ್ತೇನೆ. ದೇವರ ಫೋಟೊ ತಲೆಕೆಳಗೆ ಇಟ್ಟರೆ ಮಾತ್ರ ಬೈಗುಳ ಗ್ಯಾರಂಟಿ.

ಸುರುಳಿ ಗೆರೆ ಹಾಕಿ ಇದೇ ಚಿನ್ನದ ಅನುಪಾತ (ಕಣ್ಣಿಗೆ ಅತಿ ಅಂದ ಅಂತ ಹೇಳುವ ಅಳತೆಯ ಲೆಕ್ಕ) ಅನ್ನುವ ವಿಡಿಯೊಗಳನ್ನು ಹುಡುಗರು ತೋರಿಸುತ್ತಾರೆ. ನನಗೆ ನಂಬಿಕೆ ಕಡಿಮೆ. ಆ ಸುರುಳಿಯನ್ನು ಬೇಕಾದ ಕಡೆ ತಿರುಗಿಸಿ, ಹಿಗ್ಗಿಸಿ ಇಟ್ಟರೆ ಬಿಲ್ ಪುಸ್ತಕದ ಮೇಲೂ ಕೂರುತ್ತದೆ. ಗೆರೆ ತೆಗೆದರೂ ಕಣ್ಣು ಆ ದಾರಿಯಲ್ಲಿ ಹೋಗುತ್ತದಾ? ಹೋದರೆ ಸರಿ. ಇಲ್ಲದಿದ್ದರೆ ಅದು ಸ್ಕೇಲ್ ಹಿಡಿದವನ ಗೆರೆ.

ನಮ್ಮೂರಿನವರೇ ಆದ ಎಸ್.ಎಂ. ಪಂಡಿತರ (1916–1993) ಪ್ರಿಂಟುಗಳು ಬಂದಾಗ ನನಗೆ ಬೇರೆಯೇ ಪಾಠ. ಅವರ ಹೆಸರಿನ ರಂಗಮಂದಿರ ಇಲ್ಲಿ ಎಲ್ಲರಿಗೂ ಗೊತ್ತು, ಚಿತ್ರ ಗೊತ್ತಿರುವವರು ಕಡಿಮೆ. ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಪತ್ರಿಕೆ ಮುಖಪುಟ, ಕ್ಯಾಲೆಂಡರ್ ಬರೆದ ಕೈ ಅದು. ಪೋಸ್ಟರ್ ಅಂದರೆ ರಸ್ತೆಯಲ್ಲಿ ಹೋಗುವವನನ್ನು ಒಂದು ಗಳಿಗೆಯಲ್ಲಿ ಹಿಡಿಯಬೇಕು. ಆ ಅಭ್ಯಾಸ ಅವರ ಪುರಾಣದ ಚಿತ್ರಗಳಲ್ಲೂ ಇದೆ ಅಂತ ನನ್ನ ಅನಿಸಿಕೆ. ಆಕೃತಿಗಳು ದೊಡ್ಡವು, ನಾಟಕದ ದೀಪದಂಥ ಬೆಳಕು, ಮೈಯ ಹೊರಗೆರೆ ಕತ್ತಲಿನಿಂದ ಕಿತ್ತು ಬರುತ್ತದೆ. ಕಣ್ಣು ಅರ್ಧ ಮುಚ್ಚಿದರೂ ಕಥೆ ತಿಳಿಯುತ್ತದೆ. ಇಲ್ಲಿ ಖಾಲಿ ಜಾಗದ ಮಾತೇ ಬರುವುದಿಲ್ಲ. ಇಂಥದ್ದಕ್ಕೆ ಅಗಲವಾದ ಮೌಂಟ್ ಹಾಕಿ ಹೊರಗೆ ಉಸಿರಾಡಲು ಜಾಗ ಕೊಡುತ್ತೇನೆ.

ಅಂಚಿನ ಮೇಲೆ ಇಷ್ಟು ಭರವಸೆ ಇಟ್ಟವನನ್ನು ಅಷ್ಟೂರು ಕಂಗೆಡಿಸಿತು. ಬೀದರ್‌ನಿಂದ ಸ್ವಲ್ಪ ದೂರ, ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದ ಅಹ್ಮದ್ ಶಾ 1436ರಲ್ಲಿ ತೀರಿಕೊಂಡ. ಅವನ ಗುಮ್ಮಟದ ಒಳಗೆ ಗೋಡೆ, ಕಮಾನು, ಮೇಲ್ಛಾವಣಿ, ಎಲ್ಲಾ ಕಡೆ ಚಿತ್ತಾರ. ಕೆಂಪು, ನೀಲಿ, ಚಿನ್ನದ ಬಣ್ಣ, ಬಳ್ಳಿ, ಹೂವು, ನಡುವೆ ಅಕ್ಷರಗಳ ಪಟ್ಟಿ. ಸೂಫಿ ಗುರುಗಳ ಪರಂಪರೆಯನ್ನೂ ಅಲ್ಲಿ ಬರೆದಿದ್ದಾರೆ. ಹಿಂದೂಗಳು ಅವನನ್ನು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುತ್ತಾರೆ, ಜಾತ್ರೆಗೆ ಎರಡೂ ಕಡೆಯವರು ಬರುತ್ತಾರೆ.

ಒಳಗೆ ಕತ್ತಲು. ನೋಡಿಕೊಳ್ಳುವವರು ಬಾಗಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿದರು. "ಎಲ್ಲಿ ಬೇಕು ಹೇಳ್ರಿ ಕಾಕಾ, ಅಲ್ಲಿ ಹಾಕ್ತೀನಿ." ಬೆಳಕಿನ ಒಂದು ತುಂಡು ಗೋಡೆ ಮೇಲೆ ಓಡಾಡಿತು. ಅದು ಬಿದ್ದಲ್ಲಿ ಮಾತ್ರ ಚಿತ್ರ. ಇಲ್ಲಿ ಕಾಟಕೋನ ಎಲ್ಲಿ ಇಡುವುದು? ನಾಲ್ಕು ಮೂಲೆಯ ಕೋಣೆ ಕಮಾನುಗಳ ಮೂಲಕ ಮೇಲೆ ದುಂಡಗಾಗುತ್ತದೆ. ದುಂಡಗಿನದಕ್ಕೆ ಎಡ ಇಲ್ಲ, ಬಲ ಇಲ್ಲ.

ನಾನು ಗೋಡೆಗೆ ಒರಗಿ ಕೂತು ಕೆಳಗಿನಿಂದ ಶುರು ಮಾಡಿದೆ. ಬೆಳಕನ್ನು ನಿಧಾನವಾಗಿ ಮೇಲಕ್ಕೆ ಒಯ್ಯಿರಿ ಅಂದೆ. ಆಗ ತಿಳಿಯಿತು, ಇಲ್ಲೂ ಅಂಚುಗಳಿವೆ, ಆದರೆ ಒಳಗಿವೆ. ಅಕ್ಷರದ ಪ್ರತಿ ಪಟ್ಟಿಯೂ ಒಂದು ಅಂಚು. ಒಂದು ಬಗೆಯ ಚಿತ್ತಾರ ಅಲ್ಲಿ ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ. ಓದಲು ಬಾರದ ನನಗೂ ಅಕ್ಷರದ ಸಾಲು ಕಣ್ಣನ್ನು ಸುತ್ತ ತಿರುಗಿಸಿತು, ಬಳ್ಳಿಗಳು ಮೇಲಕ್ಕೆ ಎಳೆದವು. ಸುತ್ತು, ಮೇಲೆ, ಸುತ್ತು, ಮೇಲೆ. ವರ್ಮೀರ್ ಒಂದು ಕಡೆ ನಿಲ್ಲಿಸುತ್ತಾನೆ. ಇವರು ನೋಡುವವನನ್ನೇ ತಿರುಗಿಸುತ್ತಾರೆ.

ಆಮೇಲೆ ಒಬ್ಬ ಹುಡುಗಿ ಅದೇ ಛಾವಣಿಯ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಅಂಗಡಿಗೆ ಬಂದಳು. ವೃತ್ತ ಪೂರ್ತಿ ಬಂದಿತ್ತು, ನಾಲ್ಕು ಮೂಲೆಯಲ್ಲಿ ಕಮಾನಿನ ಕಪ್ಪು ತುದಿಗಳು.

"ಕಾಕಾ, ದುಂಡಗ ಮೌಂಟ್ ಕಡದು ಹಾಕ್ರಿ. ಮೂಲಿ ಎಲ್ಲಾ ಕಪ್ಪಗ ಅದ, ಚಂದ ಕಾಣಂಗಿಲ್ಲ."

"ಮೂಲಿ ಮುಚ್ಚಿದ್ರ ಅದು ತಾಟ್ ಆಗ್ತದವ್ವಾ" ಅಂದೆ. ದುಂಡಗೆ ಕತ್ತರಿಸಿದ ಹಳೆ ಮೌಂಟ್ ಒಂದನ್ನು ಮೇಲಿಟ್ಟು ತೋರಿಸಿದೆ, ತೆಗೆದೆ. ಮೂಲೆ ಕಂಡಾಗ ವೃತ್ತ ಮೇಲಕ್ಕೆ ಏರಿತು, ಮುಚ್ಚಿದಾಗ ಚಪ್ಪಟೆಯಾಯಿತು. ಅವಳು ತಾನೇ ಇನ್ನೊಮ್ಮೆ ಇಟ್ಟು ತೆಗೆದು ನೋಡಿದಳು. ಕೊನೆಗೆ ಮೌಂಟ್ ಬೇಡ ಅಂದಳು. ಸಣ್ಣ ಕಪ್ಪು ಪಟ್ಟಿಯ ಫ್ರೇಮ್ ಹಾಕಿ, ಪ್ರಿಂಟ್ ಪೂರ್ತಿ ಕಾಣುವ ಹಾಗೆ ಕಟ್ಟಿಕೊಟ್ಟೆ. ಮೌಂಟಿನ ರೊಕ್ಕ ಹೋಯಿತು, ಅಷ್ಟೇ.