ಮಂಡಿಚಿಪ್ಪಿನ ಮೇಲೆ ಹರಿದ ಟೆಂಡನ್: ನಾನು ಹೊಲಿಯುವ ರೀತಿ

ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ, ಆದರೂ ನಡೆಯಲು ಆಗುತ್ತಿಲ್ಲ. ಇಂಥವರು ಬಂದರೆ ನಾನು ಮೊದಲು ಮಲಗಿಸಿ, ಮಂಡಿ ಮಡಿಸದೆ ಕಾಲು ಮೇಲೆತ್ತಿ ಎನ್ನುತ್ತೇನೆ. ಎತ್ತಲು ಆಗದಿದ್ದರೆ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು, ಹರಿದಿದೆಯಾ ಎಂದು ನೋಡಲೇಬೇಕು.

ಈಚೆಗೆ ಬಂದ ಅಡಿಕೆ ಬೆಳೆಗಾರರಿಗೆ ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿದ್ದರು. ಬೇರೆ ಕಡೆ ಉಳುಕು ಅಂತ ಪಟ್ಟಿ ಕಟ್ಟಿ ಕಳಿಸಿದ್ದರು. ಚಿಪ್ಪಿನ ಮೇಲೆ ಬೆರಳು ಇಟ್ಟರೆ ಹಳ್ಳ ಸಿಗುತ್ತಿತ್ತು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಚಿಪ್ಪು ಕೆಳಗಿಳಿದಿತ್ತು. ತೊಡೆಯ ಮುಂಭಾಗದ ಸ್ನಾಯುವನ್ನು ಚಿಪ್ಪಿಗೆ ಕಟ್ಟುವ ಕ್ವಾಡ್ರಿಸೆಪ್ಸ್ ಟೆಂಡನ್ ಪೂರ್ತಿ ಹರಿದಿತ್ತು. (ಚಿಪ್ಪಿನ ಕೆಳಗಿನ ಟೆಂಡನ್ ಹರಿದರೆ ಚಿಪ್ಪು ಮೇಲಕ್ಕೆ ಹೋಗುತ್ತದೆ. ಅದು ನಲವತ್ತರ ಒಳಗಿನವರಲ್ಲಿ ಜಾಸ್ತಿ.) ಇದರಲ್ಲಿ ಕಾಯುವುದು ಸರಿಯಲ್ಲ. ವಾರಗಳು ಕಳೆದಂತೆ ಟೆಂಡನ್ ಮೇಲಕ್ಕೆ ಸೇದಿಕೊಂಡು ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಎಳೆದರೂ ಚಿಪ್ಪಿನವರೆಗೆ ಬರುವುದಿಲ್ಲ.

ಬೆನ್ನಿಗೆ ಅನಸ್ತೇಶಿಯಾ ಕೊಡಿಸಿ, ಮಂಡಿಯ ನಡುವೆ ಉದ್ದಕ್ಕೆ ಕೊಯ್ದೆ. ಹೆಪ್ಪುಗಟ್ಟಿದ ರಕ್ತ ತೊಳೆದು, ಟೆಂಡನ್‌ನ ಸತ್ತ ತುದಿಯನ್ನು ಮಾತ್ರ ಕತ್ತರಿಸಿದೆ. ಚಿಪ್ಪಿನ ಮೇಲಂಚನ್ನು ರಕ್ತ ಜಿನುಗುವವರೆಗೆ ಕೆರೆದೆ. ಟೆಂಡನ್ ಬೆಸೆಯುವುದು ಅಲ್ಲೇ. ಆಮೇಲೆ ಕರಗದ 5ನೇ ನಂಬರ್ ದಾರ ಎರಡು, ಕ್ರ್ಯಾಕೋವ್ ಹೊಲಿಗೆ. ಎಳೆದಷ್ಟೂ ನಾರನ್ನು ಬಿಗಿಯಾಗಿ ಹಿಡಿಯುವ ಕುಣಿಕೆಗಳ ಸಾಲು ಅದು. ಸುಮ್ನೆ ನೇರ ಹೊಲಿಗೆ ಹಾಕಿದರೆ ದಾರ ನಾರನ್ನು ಸೀಳಿಕೊಂಡು ಬರುತ್ತದೆ.

ಚಿಪ್ಪಿನ ಉದ್ದಕ್ಕೆ 2 ಮಿಲಿಮೀಟರ್‌ನ ಮೂರು ತೂತು ಕೊರೆದೆ. ಎರಡು ದಾರಕ್ಕೆ ನಾಲ್ಕು ತುದಿ: ನಡುವಿನ ತೂತಿನಲ್ಲಿ ಎರಡು, ಅಕ್ಕಪಕ್ಕದಲ್ಲಿ ಒಂದೊಂದು. ಈ ತೂತುಗಳು ತೀರಾ ಮುಂದಕ್ಕೆ ಬರಬಾರದು. ಬಂದರೆ ಚಿಪ್ಪಿನ ಮೇಲಂಚು ಒಳಕ್ಕೆ ವಾಲಿ ತೊಡೆಮೂಳೆಗೆ ಉಜ್ಜುತ್ತದೆ. ಆಂಕರ್ (ಮೂಳೆಯೊಳಗೆ ಕೂರಿಸುವ, ದಾರವಿರುವ ಸಣ್ಣ ಮೊಳೆ) ಹಾಕಿಯೂ ಮಾಡಬಹುದು, ಬೆಲೆ ಜಾಸ್ತಿ. ಮೂಳೆ ಗಟ್ಟಿಯಿದ್ದರೆ ನನಗೆ ತೂತೇ ಇಷ್ಟ.

ಗಂಟು ಹಾಕುವ ಮುಂಚೆ, ರಕ್ತ ಹರಿಯದಂತೆ ತೊಡೆಗೆ ಬಿಗಿದ ಪಟ್ಟಿ, ಟೂರ್ನಿಕೆಟ್, ಬಿಡಿಸುತ್ತೇನೆ. ಅದು ತೊಡೆಯ ಸ್ನಾಯುವನ್ನು ಅದುಮಿ ಹಿಡಿದಿರುತ್ತದೆ, ಬಿಗಿ ಎಷ್ಟೆಂದು ಕೈಗೆ ತಿಳಿಯುವುದಿಲ್ಲ. ಕಾಲು ಪೂರ್ತಿ ನೇರವಿಟ್ಟು ಚಿಪ್ಪಿನ ಕೆಳತುದಿಯಲ್ಲಿ ಗಂಟು ಬಿಗಿದೆ. ಎರಡೂ ಬದಿಯಲ್ಲಿ ಹರಿದಿದ್ದ ಪೊರೆಯನ್ನೂ ಹೊಲಿದೆ. ಇದನ್ನು ಬಿಟ್ಟರೆ ಎಲ್ಲ ಭಾರ ನಡುವಿನ ದಾರದ ಮೇಲೆ ಬೀಳುತ್ತೆ, ಅಲ್ವಾ? ಕೊನೆಗೆ ಮೆಲ್ಲಗೆ ಮಂಡಿ ಮಡಿಸುತ್ತಾ ಹೋದೆ. ಎಷ್ಟು ಡಿಗ್ರಿಗೆ ಹೊಲಿಗೆ ಬಾಯಿ ಬಿಡಲು ನೋಡುತ್ತದೋ ಅದನ್ನು ಬರೆದಿಟ್ಟೆ. ಫಿಸಿಯೋಥೆರಪಿಸ್ಟ್‌ಗೆ ನಾನು ಕೊಡುವ ಮುಖ್ಯ ಮಾಹಿತಿ ಅದೇ.

ಆರು ವಾರ ಬ್ರೇಸ್, ಅಂದರೆ ಮಂಡಿಗೆ ಕಟ್ಟುವ ಆಸರೆ. ಅದನ್ನು ನೇರಕ್ಕೆ ಲಾಕ್ ಮಾಡಿ, ವಾಕರ್ ಹಿಡಿದು ಕಾಲೂರಿ ನಡೆಯಬಹುದು. ಮಲಗಿದಲ್ಲೇ ತೊಡೆ ಬಿಗಿಹಿಡಿಯುವ ವ್ಯಾಯಾಮ ಬೇಗ ಶುರು. ಮಡಿಸುವುದು ಬರೆದಿಟ್ಟ ಡಿಗ್ರಿಯ ಒಳಗೇ, ಹಂತ ಹಂತವಾಗಿ. ಗಾಯ ಮಾಯಲು ಸಕ್ಕರೆ ಹತೋಟಿಯಲ್ಲಿರಬೇಕು ಎಂದು ಮನೆಯವರನ್ನೂ ಕೂರಿಸಿ ಹೇಳಿದೆ. ತೋಟಕ್ಕೆ ಯಾವಾಗ ಹೋಗಲಿ ಎಂದು ಕೇಳಿದರು. ನಡೆದು ನೋಡಿ ಬರಲು ಮೂರು ತಿಂಗಳ ಮೇಲೆ, ಹೊರೆ ಹೊತ್ತು ಇಳಿಜಾರು ಇಳಿಯುವುದು ಆರು ತಿಂಗಳಾಗುವವರೆಗೆ ಬೇಡವೇ ಬೇಡ ಎಂದೆ.