ಪುಸ್ತಕ ಫ್ರೀ ಸಿಕ್ಕಿತು ಸರಿ, ಕಿವಿಯಲ್ಲಿ ಓದಿ ನೋಡಿದಿರಾ?

ಉಚಿತ ಡಿಜಿಟಲ್ ಪಠ್ಯಪುಸ್ತಕ ಕಣ್ಣಿಗೆ ಬಿದ್ದರೆ ಸಾಕು, ಲಿಂಕನ್ನು ಕ್ಲಾಸಿನವರಿಗೆಲ್ಲ ಕಳಿಸಿಬಿಡುತ್ತೇವೆ, ಅಲ್ವಾ? ನಾನೂ ಕಳಿಸಿದ್ದೆ. ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶ (ಸ್ಕ್ರೀನ್ ರೀಡರ್) ಬಳಸುವ, ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಮಾರನೇ ದಿನ ಕೇಳಿದ, "ಸರ್, ಇದರಲ್ಲಿ ಏನೂ ಇಲ್ಲವಲ್ಲ? ಖಾಲಿ ಪುಟ ಅಂತ ಹೇಳ್ತಿದೆ." ತೆಗೆದು ನೋಡಿದರೆ ಪುಟಕ್ಕೆ ಪುಟವೇ ಫೋಟೋ.

ಅವತ್ತಿನಿಂದ ಯಾವ ಪುಸ್ತಕ ಸಿಕ್ಕರೂ ಮೊದಲು ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡುತ್ತೇನೆ. ನೀವೂ ಮಾಡಿ, ಕಂಪ್ಯೂಟರಿನಲ್ಲಿ. ಸಾಲು ಸೆಲೆಕ್ಟೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ್ದು. ಸೆಲೆಕ್ಟ್ ಆಗಿ, ಪೇಸ್ಟ್ ಮಾಡಿದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರಿದರೆ ಹಳೇ ಫಾಂಟಿನ ಕಡತ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ನಮಗೆ ಪರದೆ ಮೇಲೆ ಚೆಂದದ ಕನ್ನಡ, ಕೇಳುವವರಿಗೆ ಬರೀ ಗೊಜಲು. ಸ್ಕ್ಯಾನ್ ಆದರೆ ಓಸಿಆರ್ ಮಾಡಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಬೇಕು. ಅದಕ್ಕೆ ಟೆಸರಾಕ್ಟ್ ಅನ್ನುವ ತಂತ್ರಾಂಶ ಉಚಿತ, ಕನ್ನಡವೂ ಅದಕ್ಕೆ ಗೊತ್ತು. ಆದರೆ ಒತ್ತಕ್ಷರದಲ್ಲಿ ಎಡವುತ್ತದೆ, ತಿದ್ದದೆ ಹಂಚಬೇಡಿ. ಹಳೇ ಫಾಂಟಿಗೆ ಯೂನಿಕೋಡ್ ಪರಿವರ್ತಕಗಳಿವೆ.

ಇನ್ನು ಸ್ಕ್ರೀನ್ ರೀಡರ್ ಹಾಕಿ ಕೇಳಿ ನೋಡುವ ಕೆಲಸ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಇದೆ, ವಿಂಡೋಸ್‌ಗೆ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ. (ಆನ್ ಮಾಡುವ ಮೊದಲು ಆಫ್ ಮಾಡುವುದು ಹೇಗೆ ಅಂತ ಕಲಿತುಕೊಳ್ಳಿ. ಟಾಕ್‌ಬ್ಯಾಕ್ ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಬರೀ ಓದುತ್ತದೆ, ತೆರೆಯೋಕೆ ಎರಡು ಸಲ ತಟ್ಟಬೇಕು. ಗೊತ್ತಿಲ್ಲದೆ ನಾನು ಅರ್ಧ ಗಂಟೆ ಒದ್ದಾಡಿದ್ದೇನೆ.) ಇಡೀ ಪುಸ್ತಕ ಬೇಡ. ಪರಿವಿಡಿ, ಒಂದು ಕೋಷ್ಟಕ, ಒಂದು ಚಿತ್ರವಿರುವ ಪುಟ, ಇಷ್ಟು ಸಾಕು. ಎನ್‌ವಿಡಿಎ ಇದ್ದರೆ ಎಚ್ ಕೀಲಿ ಒತ್ತುತ್ತಾ ಹೋಗಿ, ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬೇಕು. ಹಾರದಿದ್ದರೆ ಬರೆದವರು ಶೀರ್ಷಿಕೆಯನ್ನು ಸುಮ್ನೆ ದಪ್ಪಕ್ಷರ ಮಾಡಿದ್ದಾರೆ ಅಂತ ಅರ್ಥ, ಆಗ ಏಳನೇ ಪಾಠ ಬೇಕಾದವರು ಆರೂ ಪಾಠಗಳನ್ನು ದಾಟಿಕೊಂಡೇ ಬರಬೇಕು.

ಮೂಲ ವರ್ಡ್ ಕಡತ ನಿಮ್ಮ ಕೈಯಲ್ಲಿದ್ದರೆ ಇದು ಸುಲಭ. ಹೆಡಿಂಗ್ ಸ್ಟೈಲ್ ಹಾಕಿ. ಪಿಡಿಎಫ್ ಮಾಡುವಾಗ ಪ್ರಿಂಟ್ ಆಯ್ಕೆಯಿಂದ ಮಾಡಬೇಡಿ, ಹಾಕಿದ ಗುರುತೆಲ್ಲ ಅಳಿಸಿಹೋಗುತ್ತದೆ. ಸೇವ್ ಆಸ್‌ನಿಂದ ಮಾಡಿ.

ಜಾಸ್ತಿ ಹೊತ್ತು ಹಿಡಿಯುವುದು ಚಿತ್ರಗಳು. "ಚಿತ್ರದಲ್ಲಿ ತೋರಿಸಿದಂತೆ" ಅಂತ ಓದಿ, ಆಮೇಲೆ "ಇಮೇಜ್ 47" ಅಂದು ಮುಂದೆ ಹೋಗುತ್ತದೆ. ಪಾಠಕ್ಕೆ ಬೇಕಾದ ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ (ಚಿತ್ರದ ಬದಲು ಓದಿ ಹೇಳುವ ವಿವರಣೆ) ಬರೆಯಬೇಕು. "ಹೃದಯದ ಚಿತ್ರ" ಅಂತ ಬರೆದರೆ ಏನೂ ಬರೆಯದಿದ್ದಷ್ಟೇ. ಹೀಗೆ ಬರೆಯಿರಿ: "ಹೃದಯದ ನಾಲ್ಕು ಕೋಣೆಗಳು. ಬಲಗಡೆಯ ಕೆಳಕೋಣೆಯಿಂದ ರಕ್ತ ಶ್ವಾಸಕೋಶಕ್ಕೆ, ಎಡಗಡೆಯ ಕೆಳಕೋಣೆಯಿಂದ ಮೈಗೆಲ್ಲ ಹೋಗುತ್ತದೆ." ಪಾಠ ಆ ಚಿತ್ರದಿಂದ ಏನು ಕಲಿಸಬೇಕು ಅಂತಿದೆಯೋ ಅದು ಬಂದರೆ ಆಯಿತು, ಬಣ್ಣ ಬಾರ್ಡರ್ ವರ್ಣನೆ ಬೇಡ. ಪ್ರಶ್ನೆಯ ಜೊತೆಗಿನ ಚಿತ್ರವಾದರೆ ಹುಷಾರು, ಉತ್ತರವನ್ನೇ ಬರೆದುಬಿಟ್ಟೀರಿ. ಅಂದಕ್ಕೆ ಹಾಕಿದ ಹೂಬಳ್ಳಿಗೆ ಏನೂ ಬೇಡ, ಅಲಂಕಾರ ಅಂತ ಗುರುತು ಮಾಡಿ. ಗಣಿತದ ಸಮೀಕರಣ ಚಿತ್ರವಾಗಿದ್ದರೆ ಅದನ್ನು ಮ್ಯಾತ್‌ಎಂಎಲ್‌ಗೆ (ಸಮೀಕರಣವನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆಯುವ ಸಂಕೇತ) ಬದಲಿಸಬೇಕು. ಬರೀ ಅಕ್ಷರವಾಗಿ ಟೈಪ್ ಮಾಡಿದರೆ ಘಾತ ಕೆಳಗಿಳಿದು, "ಎಕ್ಸ್ ವರ್ಗ" ಅನ್ನಬೇಕಾದ್ದು "ಎಕ್ಸ್ ಎರಡು" ಆಗುತ್ತದೆ. ಲೆಕ್ಕವೇ ತಪ್ಪಿತಲ್ಲ!

ಕಣ್ಣು ಕಾಣದವರಷ್ಟೇ ಅಲ್ಲ ಮತ್ತೆ. ಮಂದದೃಷ್ಟಿ ಇರುವವರು ಪಿಡಿಎಫ್ ಹಿಗ್ಗಿಸಿದರೆ ಸಾಲು ಪರದೆ ದಾಟಿ ಓಡುತ್ತದೆ, ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು. ಇಪಬ್ (ಇ-ಪುಸ್ತಕದ ಒಂದು ಕಡತ ರೂಪ) ಆದರೆ ಅಕ್ಷರ ದೊಡ್ಡದಾದಂತೆ ಸಾಲು ತಾನಾಗಿ ಮುರಿದುಕೊಳ್ಳುತ್ತದೆ. ಡಿಸ್ಲೆಕ್ಸಿಯಾ (ಓದುವುದು ಕಷ್ಟವಾಗುವ ತೊಂದರೆ) ಇರುವವರು ಫಾಂಟನ್ನೂ ಸಾಲಿನ ಅಂತರವನ್ನೂ ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಎರಡೂ ಸಿಕ್ಕಿದರೆ ನಾನಂತೂ ಇಪಬ್ ಅನ್ನೇ ಕೊಡುತ್ತೇನೆ. ಅದನ್ನು ಪರೀಕ್ಷಿಸಲು ಎಲ್ಲರೂ ಓದಬಲ್ಲ ಪುಸ್ತಕಗಳಿಗಾಗಿ ದುಡಿಯುವ ಡೈಸಿ ಒಕ್ಕೂಟದ ಏಸ್ ಅನ್ನುವ ಉಚಿತ ತಂತ್ರಾಂಶವಿದೆ. ಆಲ್ಟ್ ಪಠ್ಯ ಇಲ್ಲದಿದ್ದರೆ ಹಿಡಿದುಕೊಡುತ್ತದೆ, ಇದ್ದದ್ದು ಸರಿಯಾಗಿದೆಯಾ ಅಂತ ಹೇಳಲಾರದು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಇರಲಿ. "ಕೆಂಪು ಬಣ್ಣದ ಪದಗಳನ್ನು ನೋಡಿ" ಅನ್ನುವಂಥ ಸೂಚನೆ ಬೇಡ. ವಿಡಿಯೋ ಇದ್ದರೆ ಕ್ಯಾಪ್ಷನ್ ಇರಬೇಕು.

ತಿದ್ದಿದ್ದನ್ನು ಹಂಚಬಹುದಾ? ಲೈಸೆನ್ಸ್ ನೋಡಿ. ಕ್ರಿಯೇಟಿವ್ ಕಾಮನ್ಸ್ 4.0 (ಮುಕ್ತವಾಗಿ ಹಂಚಲು ಬಿಡುವ ಲೈಸೆನ್ಸ್‌ಗಳು) ಆದರೆ, ಬರೀ ರೂಪ ಬದಲಿಸುವುದಕ್ಕೆ ಅದರ ಎಲ್ಲ ಲೈಸೆನ್ಸ್‌ಗಳಲ್ಲೂ ಅವಕಾಶವಿದೆ. ಎನ್‌ಡಿ (ನೋಡೆರಿವೇಟಿವ್ಸ್) ಅಂತ ಇದ್ದರೆ ಒಳಗಿನ ವಿಷಯ ಬದಲಿಸಿದ ಪ್ರತಿಯನ್ನು ಹಂಚುವಂತಿಲ್ಲ.

ಶುರು ಮಾಡುವ ಮೊದಲು ವಿದ್ಯಾರ್ಥಿಯನ್ನೇ ಕೇಳಿ, ಯಾವ ಪಾಠ ಮೊದಲು ಬೇಕು ಅಂತ. ಅದೊಂದನ್ನೇ ಸರಿ ಮಾಡಿ ಕೊಡಿ. ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಅವರು ಹೇಳಿದ ಮೇಲೆ ಮುಂದಿನ ಪಾಠಕ್ಕೆ ಕೈ ಹಾಕಿ.