ಓಡುವ ಜಾವಾ ಫೋಟೊದಲ್ಲೂ ಓಡಬೇಕಲ್ವಾ?

ಚಿತ್ರದುರ್ಗದ ಹೊರಗಿನ ಸರ್ವಿಸ್ ರಸ್ತೆಯಲ್ಲಿ ಹಳೇ ಬೈಕುಗಳ ರ‍್ಯಾಲಿ ಇತ್ತು. ಜಾವಾ, ಯೆಜ್ಡಿಗಳೇ ಜಾಸ್ತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಇವುಗಳ ಸದ್ದು ಇನ್ನೂ ಗಟ್ಟಿ. ಆದರೆ ನನ್ನ ಫೋಟೊಗಳಲ್ಲಿ ಎಲ್ಲ ಬೈಕೂ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗೆ ಕಾಣುತ್ತಿದ್ದವು.

ಕಾರಣ ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು. 1/1000 ಸೆಕೆಂಡಿನಲ್ಲಿ ಚಕ್ರದ ಕಡ್ಡಿಗಳನ್ನೂ ಎಣಿಸಬಹುದು. ಓಟ ಕಾಣಲೆಂದು 1/50ಕ್ಕೆ ಇಳಿಸಿದೆ. ಆಗ ಇನ್ನೊಂದು ತಲೆನೋವು, ಒಳಗೆ ಬರುವ ಬೆಳಕು ಜಾಸ್ತಿ. ದುರ್ಗದ ಮಧ್ಯಾಹ್ನದ ಬಿಸಿಲು ಗೊತ್ತಲ್ವಾ? ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100 ಇಟ್ಟರೂ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/22ರ ತನಕ ಕಿರಿದಾಗಬೇಕು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಅಷ್ಟು ಕಿರಿದಾದರೆ ಚಿತ್ರದ ಚೂಪು ಹೋಗುತ್ತದೆ, ಸೆನ್ಸರ್ ಮೇಲಿನ ಧೂಳೂ ಚುಕ್ಕಿಯಾಗಿ ಕಾಣುತ್ತದೆ. ಲೆನ್ಸಿಗೆ ಎನ್‌ಡಿ8 ಫಿಲ್ಟರ್ ಹಾಕಿದೆ. ಅದು ಎಂಟರಲ್ಲಿ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಎಫ್/8 ಸಾಕಾಯಿತು.

ಉಳಿದದ್ದು ಸೊಂಟದ ಕೆಲಸ. ಬೈಕು ಎದುರಿಗೆ ಬರುವ ಜಾಗದ ಕಡೆಗೆ ಪಾದ ಇಟ್ಟು ನಿಲ್ಲಬೇಕು. ದೂರದಿಂದಲೇ ಸವಾರನನ್ನು ಕಂಟಿನ್ಯೂಯಸ್ ಫೋಕಸ್‌ನಲ್ಲಿ (ಸವಾರ ಸರಿದಂತೆ ಫೋಕಸ್ಸೂ ತಾನೇ ಸರಿಯುತ್ತದೆ) ಹಿಡಿದು, ಅವನ ಜೊತೆಗೇ ಮೈ ತಿರುಗಿಸಬೇಕು. ಇದೇ ಪ್ಯಾನಿಂಗ್. ಬಟನ್ ಒತ್ತಿದ ಮೇಲೂ ತಿರುಗುವುದು ನಿಲ್ಲಬಾರದು. ರಸ್ತೆಗೆ ತೀರಾ ಹತ್ತಿರ ನಿಂತರೆ ಹೆಡ್‌ಲೈಟ್ ಸ್ಪಷ್ಟ, ಹಿಂದಿನ ಚಕ್ರ ಕಲಸುಮೇಲೋಗರ. ಹಾಗಾಗಿ ದೂರ ಸರಿದು ಜೂಮ್ ಮಾಡಿದೆ. ಬಂಡೆಗುಡ್ಡ, ಗಾಳಿಯಂತ್ರ ಎಲ್ಲ ಅಡ್ಡಗೆರೆಗಳಾದವು!

ಕೈನಡುಕ ತಡೆಯುವ ಲೆನ್ಸಿನ ಸ್ಟೆಬಿಲೈಸರ್‌ಗೆ ಪ್ಯಾನಿಂಗ್ ಮೋಡ್ ಇದ್ದರೆ ಅದಕ್ಕೆ ಬದಲಿಸಿ, ಇಲ್ಲದಿದ್ದರೆ ಸುಮ್ನೆ ಆಫ್ ಮಾಡಿ. ಇಷ್ಟಾದರೂ ಬಹಳಷ್ಟು ಫೋಟೊ ಅಲುಗುತ್ತವೆ. ಬರ್ಸ್ಟ್‌ನಲ್ಲಿ ತೆಗೆಯಿರಿ, ಅಂದರೆ ಒಂದೇ ಸಮನೆ ಹಲವು ಫೋಟೊ. ಹೊತ್ತು ಇಳಿದ ಮೇಲೆ ಫಿಲ್ಟರ್ ಬಿಚ್ಚಿಡಿ, ಬೇಕಾಗುವುದಿಲ್ಲ.